ಅಂಗಿಯಂಚಿನ ಅರಿಶಿನ

"ಬುಟ್ಟಿ ಒಳಗೆ ಬಿಡೂದಿಲ್ಲ ಮಾಸ್ತಮ್ಮಜ್ಜಿ. ನೀ ಬೇಕಾರೆ ಬಾ. ಬುಟ್ಟಿ ಹೊರಗೇ ಇರ್ಲಿ."

ಹೋಟೆಲಿನ ಕಾವಲುಗಾರ ನರೇಶ ಈ ಮಾತನ್ನು ನೆಲ ನೋಡಿಕೊಂಡೇ ಹೇಳಿದ. ಅವನೂ ಮುರ್ಡೇಶ್ವರದ ಅದೇ ಕೇರಿಯವನು. ಇದೇ ಬುಟ್ಟಿಯ ಮೀನು ಉಂಡು ಬೆಳೆದವನು.

"ಬುಟ್ಟಿ ಖಾಲಿ ಅದೆ ಮಗ. ಒಬ್ರಿಗೆ ಕೊಡೂದು ಒಂದು ಡಬ್ಬಿ ಅದೆ, ಅಷ್ಟೇಯ."

"ಡಬ್ಬಿನೂ ಬ್ಯಾಡ. ಮೇಲಿನವ್ರ ಆರ್ಡರು."

"ಮೊನ್ನೆ ಬುಟ್ಟಿ ಮಗುಚಿ ಹಾಕೂಕೆ ಆರ್ಡರು. ಇವತ್ತು ಒಳಗೆ ಬಿಡೂಕಾಗ ಅಂತ ಆರ್ಡರು. ನಿನ್ನ ಮೇಲಿನವ್ರಿಗೆ ನನ್ನ ಬುಟ್ಟಿ ಬಿಟ್ರೆ ಬೇರೆ ಎಂತೂ ಕಾಣೂದಿಲ್ವನಾ?"

ಮಾಸ್ತಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ, ಬುಟ್ಟಿಗೆ ಒತ್ತಿ ಕುಳಿತಳು. ತಾನೂ ಒಳಗೆ ಹೋಗುವುದಿಲ್ಲ ಎಂಬುದು ಆ ಕುಳಿತ ರೀತಿಯಲ್ಲೇ ಇತ್ತು.

ಗಾಜಿನ ಬಾಗಿಲು ತೆರೆದೇ ಇತ್ತು. ಒಳಗೆ ಹಜಾರದ ಗೋಡೆಯ ಮೇಲೆ, ಸಣ್ಣ ದೀಪದ ಕೆಳಗೆ, ಗಾಜಿನ ಚೌಕಟ್ಟಿನಲ್ಲಿ ಒಂದು ಬಿಳಿ ಅಂಗಿ ಕೈಚಾಚಿ ನಿಂತಿತ್ತು. ಅದರ ತುಂಬ ಕಪ್ಪು ಮಸಿಯ ಹಸ್ತಾಕ್ಷರಗಳು. ಅದರ ಮುಂದೆ ವಕೀಲೆ ಸುಮತಿ ಹೆಗಡೆ ನಿಂತಿದ್ದಳು. ಅವಳ ಹಿಂದೆ, ಉಸಿರೂ ಕೇಳಿಸದಂತೆ, ರೇಖಾ.

ಮಂಗಳವಾರ ಸಂಜೆ, ಈ ಹೋಟೆಲಿನಲ್ಲಿ ತಂಗಿದ್ದ 'ಪಡುಗಡಲು ಎಫ್‌ಸಿ' ಫುಟ್‌ಬಾಲ್ ತಂಡದ ತರಬೇತಿ ಶಿಬಿರದಲ್ಲಿ ಈ ಅಂಗಿಯನ್ನು ಕದ್ದವಳೆಂದು ಮಾಸ್ತಮ್ಮನ ಮೊಮ್ಮಗಳು ರೇಖಾಳನ್ನು ಊರೆಲ್ಲ ನೋಡುವಂತೆ ನಿಲ್ಲಿಸಿದ್ದರು. ಅದು ತನ್ನದೇ ಅಂಗಿ ಎಂದು ಅವಳು ಹೇಳಿದ್ದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಮೈಕಿನಲ್ಲಿ ಹೇಳಿದ್ದು ಇಷ್ಟೇ: ಸಮಾರೋಪದ ದಿನ ಪ್ರಾಯೋಜಕರಿಗೆ ಕೊಡಬೇಕಾದ, ಎಲ್ಲ ಆಟಗಾರರ ಸಹಿ ಇರುವ ಅಂಗಿ ಕಾಣೆಯಾಗಿದೆ. ಕಾರಿನಲ್ಲಿ ಬಂದಿದ್ದವರ ಚೀಲಗಳನ್ನು ಯಾರೂ ಮುಟ್ಟಲಿಲ್ಲ. ಕೇರಿಯ ಮಕ್ಕಳನ್ನು ಮಾತ್ರ ಸಾಲಾಗಿ ನಿಲ್ಲಿಸಿದರು. ರೇಖಾಳ ಚೀಲದಲ್ಲಿ ಅಂಗಿ ಸಿಕ್ಕಿತು. ಆಮೇಲೆ ಯಾರೋ, ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಮಾಸ್ತಮ್ಮನನ್ನು ತೋರಿಸಿ, "ಆ ಮುದುಕಿಯ ಬುಟ್ಟಿಯನ್ನೂ ನೋಡಿ, ಮೀನಿನ ಅಡಿಗೆ ಇನ್ನೂ ಏನೇನು ಹೋಗಿದೆಯೋ" ಎಂದರು.

ಬಂಗುಡೆಗಳು ಮೈದಾನದ ಕೆಮ್ಮಣ್ಣಿನ ಮೇಲೆ ಬಿದ್ದವು. ಮೊಬೈಲುಗಳು ಮೇಲೆದ್ದವು. ಮಾಸ್ತಮ್ಮ ಬಗ್ಗಿ ಒಂದೊಂದನ್ನೂ ಎತ್ತಿ, ಸೆರಗಿನಲ್ಲಿ ಒರೆಸಿ, ಬುಟ್ಟಿಗೆ ಹಾಕಿಕೊಂಡಳು. ಎಲ್ಲರನ್ನೂ ನೋಡುವವನೊಬ್ಬ ಮೇಲಿದ್ದಾನೆ ಎಂದು ನಂಬಿದವರು ಅಲ್ಲಿ ಬಹಳ ಮಂದಿ ಇದ್ದರು; ಆ ಹೊತ್ತಿನಲ್ಲಿ ಅವರಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

ಮರುದಿನ ಮಾಸ್ತಮ್ಮ ರೈಲು ಹತ್ತಿ ಕುಮಟೆಗೆ ಹೋದಳು. ವಕೀಲೆ ಸುಮತಿ ಕೋರ್ಟಿನ ಒಳಗಡೆಗಿಂತ ಹೊರಗೇ ಹೆಚ್ಚು ಗಂಟುಗಳನ್ನು ಬಿಡಿಸಿದವಳು ಎಂದು ಅವಳಿಗೆ ಯಾರೋ ಹೇಳಿದ್ದರು.

"ಅಂಗಿ ಹೋದ್ರೆ ಹೋಗ್ಲಿ ಅಮ್ಮಾ," ಎಂದಿದ್ದಳು ಮಾಸ್ತಮ್ಮ. "ಹುಡುಗಿ ಗೋಲು ಕಾಯ್ತದೆ. ಶುಕ್ರವಾರ ಹೆಂಗಸ್ರ ಟೀಮಿಗೆ ಆರಿಸ್ತ್ರಂತೆ. ಇವ್ಳ ಹೆಸ್ರು ಹೊಡೆದು ಹಾಕಿದಾರೆ. ಕಳ್ಳಿ ಅಂತ ಬರ್ದಿಟ್ರೆ ಇನ್ಯಾವ ಟೀಮಿನವ್ರು ಕರೀತ್ರು? ನಂಗೆ ಅಂಗಿ ಬ್ಯಾಡ. ಹೆಸ್ರು ತಂದುಕೊಡು."

ಇವತ್ತು ಶುಕ್ರವಾರ. ಮಧ್ಯಾಹ್ನದ ಊಟಕ್ಕೆ ಮೊದಲು ಆಯ್ಕೆ.

ಸುಮತಿ ಗಾಜಿಗೆ ಮುಖ ತಂದಳು. ಬೆಳಿಗ್ಗೆ ಕೇರಿಯಲ್ಲಿ, ಬಲೆ ಒಣಹಾಕಿದ ಗಳುವಿನ ಕೆಳಗೆ ಕುಳಿತು, ರೇಖಾ ಹೇಳಿದ್ದೆಲ್ಲ ಒಂದೊಂದಾಗಿ ಆ ಬಟ್ಟೆಯ ಮೇಲೆ ಕಾಣತೊಡಗಿತು.

ಆಟಗಾರರು ಅಭ್ಯಾಸ ಮುಗಿಸಿ ಬಸ್ಸಿನ ಕಡೆ ಹೋಗುವ ದಾರಿಗೆ ಹಗ್ಗ ಕಟ್ಟಿರುತ್ತಾರೆ. ಹಗ್ಗದ ಈಚೆ ನಿಂತು ಕೂಗಬೇಕು. ಬಟ್ಟೆಯ ಮೇಲೆ ಸಹಿ ಹಾಕುವುದು ಸುಲಭವಲ್ಲ, ಪೆನ್ನು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ರೇಖಾ ಪರೀಕ್ಷೆಗೆ ಒಯ್ಯುವ ರಟ್ಟನ್ನು ಅಂಗಿಯ ಒಳಗೆ ತೂರಿಸಿ ಹಿಡಿದಿದ್ದಳು. ಎತ್ತರದ ನೈಜೀರಿಯಾದವನು ಸಹಿ ಹಾಕುವ ಮೊದಲು ಅವಳ ಹೆಸರು ಕೇಳಿ, ಎರಡು ಸಲ ಉಚ್ಚರಿಸಿ, ನಕ್ಕು ಬರೆದ. ಮಿಜೋರಾಮಿನವನು ಸಹಿಯ ಪಕ್ಕ ಒಂದು ಸಣ್ಣ ಮೀನಿನ ಚಿತ್ರ ಬಿಡಿಸಿದ. ಗೋಲ್‌ಕೀಪರು ಮಾತ್ರ, "ನೀನೂ ಕೀಪರಾ? ಕೈ ತೋರಿಸು" ಎಂದು ಅವಳ ಬೆರಳುಗಳನ್ನು ನೋಡಿ, ತೋಳಿನ ಮೇಲೆ ಸಹಿ ಹಾಕಿದ.

ಎಲ್ಲವೂ ಇಲ್ಲಿದ್ದವು. ನಗು ತುಂಬಿದ ಆ ಹೆಸರು, ಆ ಮೀನು, ತೋಳಿನ ಮೇಲಿನ ಸಹಿ. ಎದೆಯ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ತಂಡದ ನಾಯಕ ಉದಯನ ಸಹಿ. ಹೊನ್ನಾವರದ ಮೀನುಗಾರರ ಹುಡುಗ; ಈ ಕರಾವಳಿಯಲ್ಲಿ ಚೆಂಡು ಒದೆಯುವ ಮಕ್ಕಳೆಲ್ಲರೂ ಅವನ ಹೆಸರು ಹೇಳಿಕೊಂಡೇ ಒದೆಯುತ್ತಾರೆ.

ಸುಮತಿ ನೋಡುತ್ತಿದ್ದುದು ಅದನ್ನಲ್ಲ. ಅಂಗಿಯ ಕೆಳಅಂಚು, ಎಡಮೂಲೆ. ಅಲ್ಲಿ ಹೆಬ್ಬೆರಳಿನಷ್ಟು ದೊಡ್ಡ, ಮಾಸಲು ಕೆಂಪು ಕಲೆ ಒಳಗಿನಿಂದ ಹೊರಕ್ಕೆ ಇಣುಕಿತ್ತು.

"ರೇಖಾ, ನಿನ್ನ ಅಂಗಿಗೆ ಕೆಂಪು ಕಲೆ ಇತ್ತಾ?"

"ಇಲ್ಲ ಅಕ್ಕಾ. ಅಜ್ಜಿ ಅರಿಶಿನ ಹಚ್ಚಿತ್ತು, ಒಳಗಿನ ಮೂಲೆಗೆ. ಹೊಸ ಬಟ್ಟೆ ಅಲ್ಲನಾ. ಹಳದಿ ಇತ್ತು."

"ಎಲ್ಲಿ?"

ರೇಖಾ ಬೆರಳು ತೋರಿಸಿದಳು. ಕೆಂಪು ಕಲೆ ಇದ್ದಲ್ಲಿಗೇ. ತೋರಿಸಿದ ಮೇಲೆ ಅವಳ ಮುಖ ಸಪ್ಪಗಾಯಿತು. "ಇದು ಹಳದಿ ಅಲ್ಲ ಅಕ್ಕಾ. ಇದು ನಂದಲ್ಲನಾ ಹಂಗಾರೆ?"

ಸುಮತಿ ಉತ್ತರ ಹೇಳುವ ಮೊದಲೇ ಹಿಂದಿನಿಂದ ಬೂಟಿನ ಸದ್ದು ಬಂತು.

ಬಂದವನು ಶಿಶಿರ, ತಂಡದ ಪ್ರಚಾರಾಧಿಕಾರಿ. ಕುತ್ತಿಗೆಯಲ್ಲಿ ಗುರುತುಚೀಟಿ, ಮುಖದಲ್ಲಿ ಅತಿಥಿಗಳಿಗೆಂದೇ ಇಟ್ಟುಕೊಂಡ ನಗು. ಮಂಗಳವಾರ ಮೈಕು ಹಿಡಿದಿದ್ದವನು ಅವನೇ. ರೇಖಾಳನ್ನು ಅವನು ನೋಡಲೇ ಇಲ್ಲ. ಸುಮತಿಯ ಹತ್ತಿರ ಬಂದು, ದನಿ ತಗ್ಗಿಸಿ, ತಮ್ಮಿಬ್ಬರ ಜಾತಿಯ ಮನೆಮಾತಿಗೆ ಇಳಿದ.

"ಸುಮತಕ್ಕಾ, ನೀನು ನಮ್ಮ ಕಡೆಯವ್ಳೇ ಅಲ್ದಾ. ನಮ್ಮನೆ ಆಯಿ ನಿನ್ನ ಹೆಸರು ಹೇಳ್ತಾ ಇರ್ತು. ನಾವು ನಾವು ಕೂತ್ಗಂಡು ಮುಗ್ಸಲಕ್ಕು. ಇವ್ರನ್ನೆಲ್ಲ ಇಲ್ಲಿವರೆಗೆ ಕರ್ಕಂಡು ಬಪ್ಪದು ಎಂತಕೆ?"

"ಕೂತ್ಗಂಬಲೆ ಬಂದಿದ್ನಿಲ್ಲೆ ಶಿಶಿರ. ನೋಡಲೆ ಬಂದಿದ್ದಿ." ಸುಮತಿ ಅಷ್ಟನ್ನು ಅದೇ ಮಾತಿನಲ್ಲಿ ಹೇಳಿ, ಬಾಗಿಲ ಕಡೆ ತಿರುಗಿ ದನಿ ಎತ್ತಿದಳು. "ಇನ್ನು ಎಲ್ಲರಿಗೂ ತಿಳಿಯೋ ಹಾಗೆ ಮಾತಾಡುವ. ಕಳ್ಳತನ ಹೊರಿಸುವಾಗ ಮೈಕು ಹಿಡಿದಿದ್ದಿರಿ. ಈಗ ಪಿಸುಮಾತು ಯಾಕೆ?"

ಶಿಶಿರನ ನಗು ಸ್ವಲ್ಪ ಒಳಗೆ ಸರಿಯಿತು. "ನಾವು ದೊಡ್ಡ ಮನಸ್ಸು ಮಾಡಿ ಪೊಲೀಸರಿಗೆ ಕೊಟ್ಟಿಲ್ಲ ಮೇಡಂ. ಚಿಕ್ಕ ಹುಡುಗಿ ಅಂತ."

"ಅದೇ ನನಗೆ ಅರ್ಥವಾಗದ್ದು. ಕದ್ದ ಮಾಲು ಸಿಕ್ಕಿದೆ, ಕದ್ದವಳು ಸಿಕ್ಕಿದ್ದಾಳೆ, ನೋಡಿದವರು ಊರು ತುಂಬ ಇದ್ದಾರೆ. ದೂರು ಮಾತ್ರ ಇಲ್ಲ. ಬುಟ್ಟಿ ಮಗುಚುವಾಗ ಈ ದೊಡ್ಡ ಮನಸ್ಸು ಎಲ್ಲಿಗೆ ಹೋಗಿತ್ತು?"

"ಜನ ಜಾಸ್ತಿ ಇದ್ರು. ಏನೋ ಆಯ್ತು."

"ಏನೋ ಆಗಲಿಲ್ಲ. ನೀವು ಮಾಡಿದ್ರಿ." ಸುಮತಿಯ ದನಿ ಏರಲಿಲ್ಲ, ಆದರೆ ಎಣ್ಣೆ ಕಾದಾಗಿನ ಸುಮ್ಮನಿರುವಿಕೆ ಅದರಲ್ಲಿತ್ತು. "ನೀವು ದೂರು ಕೊಡದಿದ್ದರೆ ನಾವು ಕೊಡ್ತೇವೆ. ಚೌಕಟ್ಟನ್ನು ಠಾಣೆಯಲ್ಲಿ ತೆಗೀಲಿ. ಸಮಾರೋಪಕ್ಕೆ ಬಂದ ಪತ್ರಿಕೆಯವರೂ ಅಲ್ಲಿಗೇ ಬರಲಿ. ಅಥವಾ ಈಗ, ಇಲ್ಲೇ ತೆಗೆಯಿರಿ. ಅಂಚಿನ ಒಳಭಾಗ ನೋಡಬೇಕು, ಅಷ್ಟೇ."

ಶಿಶಿರ ನರೇಶನನ್ನು ಕರೆದು ಚೌಕಟ್ಟು ಇಳಿಸಲು ಹೇಳಿದ. ನರೇಶ ಅದನ್ನು ಮೇಜಿನ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿ, ಹಿಂಬದಿಯ ಕೊಂಡಿಗಳನ್ನು ಬಿಚ್ಚಿದ.

ಸುಮತಿ ಅಂಚನ್ನು ಮಡಚಿದಳು. ಒಳಗೆ ಕಲೆ ಇನ್ನೂ ಗಾಢವಾಗಿತ್ತು.

"ಇದು ಏನು?"

"ಮಣ್ಣು. ಮೈದಾನದ ಕೆಮ್ಮಣ್ಣು. ಎಲ್ಲ ಜೆರ್ಸಿಗೂ ಇರುತ್ತೆ."

"ಆಡದ ಅಂಗಿಗೆ? ಅದೂ ಒಳಗೆ?"

"ಹುಡುಗಿಯ ಚೀಲದಲ್ಲಿ ತಾಗಿರಬಹುದು."

ಸುಮತಿ ಊಟದ ಮನೆಯ ಕಡೆ ನೋಡಿದಳು. ಆಟಗಾರರಿಗೆಂದು ಮೇಜು ಸಜ್ಜಾಗಿತ್ತು. ತಟ್ಟೆ ತಟ್ಟೆಯ ಅಂಚಿನಲ್ಲೂ ಒಂದೊಂದು ಹೋಳು ಲಿಂಬೆ. ಅವಳು ಹೋಗಿ ಒಂದನ್ನು ಎತ್ತಿಕೊಂಡು ಬಂದಳು.

"ಶಿಶಿರ, ನಿಮ್ಮ ಮನೆಯಲ್ಲಿ ಮದುಮಕ್ಕಳಿಗೆ ಆರತಿ ಎತ್ತುವಾಗ ತಟ್ಟೆಯಲ್ಲಿ ಕೆಂಪು ನೀರು ಇರುತ್ತದಲ್ಲ. ಅದಕ್ಕೆ ಏನು ಹಾಕುತ್ತಾರೆ?"

"ಅದು ಇಲ್ಲಿ ಯಾಕೆ?"

"ಅರಿಶಿನ, ಸುಣ್ಣ," ಬಾಗಿಲಿನಿಂದ ಮಾಸ್ತಮ್ಮ ಹೇಳಿದಳು. "ಅದೂ ಗೊತ್ತಿಲ್ವನಾ ಇವಂಗೆ?"

"ಗೊತ್ತಿದೆ ಮಾಸ್ತಮ್ಮ. ಮರೆತಿದ್ದಾರೆ," ಎಂದಳು ಸುಮತಿ. "ಸುಣ್ಣ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಬಟ್ಟೆ ಸೋಪು ತಾಗಿದರೂ ಹಾಗೇ. ಚೆನ್ನಾಗಿ ಜಾಲಿಸಿದರೆ ಕೆಂಪು ಹೋಗುತ್ತಿತ್ತು. ಆದರೆ ಜಾಲಿಸಿದರೆ ಮೇಲಿನ ಸಹಿಗಳ ಮಸಿ ಹರಡೀತು. ಹಾಗಾಗಿ ಮೂಲೆಗಷ್ಟೇ ಸೋಪು ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟಿದ್ದಾರೆ."

ಅವಳು ಲಿಂಬೆಯ ಹೋಳನ್ನು ಕಲೆಯ ಮೇಲೆ ಮೆಲ್ಲಗೆ ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಂಪು ಅಂಚಿನಿಂದ ಹಿಂದೆ ಸರಿಯಿತು. ಸರಿದಲ್ಲೆಲ್ಲ ಹಳದಿ ಬಂತು. ಬೆಳಗಿನ ಬಿಸಿಲು ಅಂಗಳಕ್ಕೆ ಬರುವ ಹಾಗೆ, ಅವಸರವಿಲ್ಲದೆ. ಕೊನೆಗೆ ಬಟ್ಟೆಯ ಮೇಲೆ ಉಳಿದದ್ದು ಒಂದು ಬೆರಳಿನ ಗುರುತು. ಹೊಸ ಬಟ್ಟೆ ಉಡುವ ಮಗುವಿಗೆ ಒಳ್ಳೆಯದಾಗಲಿ ಎಂದು ದೇವರ ಮುಂದೆ ಇಟ್ಟು, ಅಜ್ಜಿಯೊಬ್ಬಳು ಅದ್ದಿ ಹಚ್ಚಿದ ಬೆರಳು.

ರೇಖಾ ಬಾಯಿಗೆ ಕೈ ಒತ್ತಿಕೊಂಡಳು. ನರೇಶ ಬಾಗಿಲಿನ ಕಡೆ ತಿರುಗಿ, "ಅಜ್ಜಿ, ನಿಂದೇಯ" ಎಂದ. ಮೊದಲ ಸಲ ಅವನು ತಲೆ ಎತ್ತಿದ್ದ.

"ನಂಗೆ ಮೊದ್ಲೇ ಗೊತ್ತಿತ್ತು," ಎಂದಳು ಮಾಸ್ತಮ್ಮ. "ನಿಂಗೂ ಗೊತ್ತಿತ್ತು."

"ಗುರುತು ತಿಕ್ಕಿದವನಿಗೂ ಗೊತ್ತಿತ್ತು," ಸುಮತಿ ಅಂಗಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. "ತನ್ನದೇ ಅಂಗಿಯಾಗಿದ್ದರೆ ಅರಿಶಿನ ಯಾಕೆ ತಿಕ್ಕಬೇಕು? ಹೇಳಿ ಶಿಶಿರ. ನಿಮ್ಮ ಅಂಗಿ ಎಲ್ಲಿ?"

ಶಿಶಿರ ಕುತ್ತಿಗೆಯ ಗುರುತುಚೀಟಿಯನ್ನು ಒಮ್ಮೆ ತಿರುಗಿಸಿ ಮತ್ತೆ ನೇರ ಮಾಡಿದ. "ಸರಿ. ಏನೋ ಅದಲುಬದಲಾಗಿದೆ. ವಾಪಸ್ ಕೊಡ್ತೇವೆ."

"ಅದಲುಬದಲಾಗಲು ಎರಡು ಅಂಗಿ ಬೇಕು. ನಿಮ್ಮದೊಂದು ಇದೆ, ಇಲ್ಲವೆನ್ನುವುದಿಲ್ಲ. ಅದರಲ್ಲಿ ಒಂದು ಸಹಿ ಇರಲಿಕ್ಕಿಲ್ಲ, ಅದಕ್ಕೇ ಇವಳದ್ದು ಬೇಕಾಯಿತು. ಇವಳದರಲ್ಲಿ ಆ ಸಹಿ ಇದೆ." ಸುಮತಿ ಎದೆಯ ನಡುವಿನ ದೊಡ್ಡ ಹಸ್ತಾಕ್ಷರದ ಪಕ್ಕ ಬೆರಳಿಟ್ಟಳು. "ಉದಯ ಎಲ್ಲಿದ್ದಾನೆ?"

ಅಡಿಗೆಮನೆಯಲ್ಲಿ ಯಾರೋ ಪಾತ್ರೆ ಸರಿಸಿದ ಸದ್ದು.

"ವಿಶ್ರಾಂತಿಯಲ್ಲಿದ್ದಾನೆ. ಎಲ್ಲರಿಗೂ ಹೇಳಿದ್ದೇವಲ್ಲ."

"ಎಲ್ಲಿ?"

"ಅವನ ಮನೆಯಲ್ಲಿ. ಭಾನುವಾರ ಸಂಜೆಯೇ ಹೋದ. ಇದು ಒಳಗಿನ ವಿಷಯ, ಹೊರಗೆ ಹೇಳಿಲ್ಲ." ಶಿಶಿರ ಈಗ ಬಾಗಿಲಿಗೆ ಕೇಳಿಸದಂತೆ ದನಿ ತಗ್ಗಿಸಿ, ವೇಗವಾಗಿ ಮಾತಾಡತೊಡಗಿದ. "ಇವಳಿಗೆ ಭಾನುವಾರ ಮಧ್ಯಾಹ್ನ ಸಹಿ ಹಾಕಿರಬೇಕು. ಎಲ್ಲರ ಜೊತೆ."

"ಮಂಗಳವಾರ," ಎಂದಳು ರೇಖಾ.

ಬಂದಾಗಿನಿಂದ ಅವನೆದುರು ಅವಳು ಆಡಿದ ಮೊದಲ ಮಾತು ಅದು.

"ಮಂಗಳವಾರ ಬೆಳಿಗ್ಗೆ ದಂಡೆ ಮೇಲೆ ಒಬ್ರೇ ನಡೀತಿದ್ರು. ನನ್ನ ಹತ್ರ ರಟ್ಟು ಇರ್ಲಿಲ್ಲ. ಮಸಿ ಬೆನ್ನಿನ ಬದಿಗೆ ಇಳೀಬಾರ್ದು ಅಂತ ಎದೆಯ ಬದಿ ಒಂದನ್ನೇ ರಾಮಣ್ಣನ ದೋಣಿ ಮೇಲೆ ಹಾಸಿ ಹಾಕಿದ್ರು."

"ತಪ್ಪು ತಿಳ್ಕೊಂಡಿದ್ದಾಳೆ."

"ಅಂಗಿ ಮಗುಚಿ," ಸುಮತಿ ಹೇಳಿದಳು.

ನರೇಶ ಅಂಗಿಯ ಮುಂಭಾಗವನ್ನು ಒಳಮೈ ಮೇಲಾಗುವಂತೆ ಮಗುಚಿದ. ಉದಯನ ಸಹಿಯ ಬೆನ್ನಿಗೆ, ಅಂಗೈಯಗಲ, ನೀಲಿ ಬಣ್ಣ ಹತ್ತಿಕೊಂಡಿತ್ತು. ಹಲಗೆಯ ಗೆರೆಗಳೂ ಅದರಲ್ಲಿ ಮೂಡಿದ್ದವು.

"ರಾಮಣ್ಣನನ್ನು ಬೆಳಿಗ್ಗೆ ಕೇಳಿ ಬಂದಿದ್ದೇನೆ. ದೋಣಿಗೆ ಸೋಮವಾರ ಹೊಸ ಹಲಗೆ ಕೂರಿಸಿದ್ದು. ಮಂಗಳವಾರ ನಸುಕಿಗೆ ಬಣ್ಣ ಬಳಿದದ್ದು. ಭಾನುವಾರ ಆ ಹಲಗೆಯೂ ಇರಲಿಲ್ಲ, ಆ ನೀಲಿಯೂ ಇರಲಿಲ್ಲ."

"ಒಣಗಿದೆ ಅಂತ ಮಾಡಿದ್ವಿ ನಾವು," ರೇಖಾಳ ದನಿ ಸಣ್ಣದಾಯಿತು. "ಅಜ್ಜಿ ಬೈತದೆ ಅಂದೆ. ಅವ್ರು ನಕ್ರು. ನನ್ನ ಸಹಿಯ ಬೆನ್ನಿಗೆ ದೋಣಿ ನಿಂತ್ಕಂಡಿದೆ, ಇನ್ನು ಅಳಿಸೂದಿಲ್ಲ ಅಂದ್ರು. ಆಮೇಲೆ ನಗು ನಿಲ್ಸಿ, ನಾನು ಇವತ್ತು ಇಲ್ಲಿದ್ದೆ ಅಂತ ನೆನಪಿಟ್ಕೊ ಅಂದ್ರು. ಎಂತಕೆ ಅಂತ ಹೇಳ್ಲಿಲ್ಲ."

ಶಿಶಿರ ಮೇಜಿನ ಅಂಚಿಗೆ ಎರಡೂ ಕೈ ಊರಿದ. ಅತಿಥಿಗಳ ನಗು ಈಗ ಪೂರ್ತಿ ಹೋಗಿತ್ತು. ಅದರಡಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ.

ಹೊರಗೆ ಮೈದಾನದ ಕಡೆಯಿಂದ ಸೀಟಿ ಕೇಳಿಸಿತು. ಆಯ್ಕೆಗೆ ಬಂದ ಹುಡುಗಿಯರನ್ನು ಸಾಲು ಮಾಡುತ್ತಿದ್ದರು. ರೇಖಾಳ ಕೈಬೆರಳುಗಳು ತಾವಾಗಿ ಬಿಡಿಸಿಕೊಂಡವು, ಬರುವ ಚೆಂಡಿಗೆ ಕಾಯುವ ಹಾಗೆ. ಶಿಶಿರ ಅದನ್ನು ನೋಡಿದ.

"ರೇಖಾ," ಎಂದ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳ ಹೆಸರು ಹಿಡಿದು ಕರೆದ. "ಈಗಲೇ ಮೈದಾನಕ್ಕೆ ಹೋಗು. ನಾನು ಫೋನ್ ಮಾಡ್ತೇನೆ, ನಿನ್ನ ಹೆಸರು ಸೇರಿಸ್ತಾರೆ. ಅಂಗಿ ನಿನ್ನದು. ಸಂಜೆ ಅದೇ ಮೈಕಿನಲ್ಲಿ, ತಪ್ಪಾಯ್ತು ಅಂತ ನಾನೇ ಹೇಳ್ತೇನೆ. ನಿನ್ನ ಅಜ್ಜಿಯ ಕಾಲಿಗೆ ಬೇಕಾದರೂ ಬೀಳ್ತೇನೆ."

"ಮತ್ತೆ?" ಸುಮತಿ ಕೇಳಿದಳು.

"ಮತ್ತೇನಿಲ್ಲ. ಸಹಿ ಹಾಕಿದ್ದು ಭಾನುವಾರ. ಅಷ್ಟೇ ಒಂದು ಮಾತು."

ಸುಮತಿಯ ಕೆನ್ನೆ ಕೆಂಪೇರಿತು. ಕಸಿದುಕೊಂಡದ್ದನ್ನೇ ತಿರುಗಿ ಕೊಡಲು ಬೆಲೆ ಕಟ್ಟುವವನ ಎದುರು ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಆದರೂ ನಾಲಿಗೆ ಹಿಡಿದುಕೊಂಡಳು. ಹೇಳಬೇಕಾದವಳು ಅವಳಲ್ಲ.

ಮತ್ತೆ ಸೀಟಿ ಕೇಳಿಸಿತು.

ರೇಖಾ ಅಂಗಿಯ ಅಂಚನ್ನು ಮುಟ್ಟಿದಳು. ಲಿಂಬೆಯ ರಸ ಇನ್ನೂ ಆರಿರಲಿಲ್ಲ. ಹಳದಿ ಅವಳ ಬೆರಳಿಗೂ ಹತ್ತಿತು.

"ನನ್ನ ಅಜ್ಜಿಯ ಮೀನು ಮಣ್ಣಿಗೆ ಹಾಕ್ದಾಗ ನಾ ಒಂದು ಮಾತು ಆಡ್ಲಿಲ್ಲ," ಎಂದಳು. "ಹೆದ್ರಿ ಹೋಗಿದ್ದೆ. ಈಗ ಆಡ್ತೆ. ಮಂಗಳವಾರ ಸರ್. ಬೆಳಿಗ್ಗೆ. ಯಾರು ಕೇಳಿದ್ರೂ ಅದೇಯ."

"ಹಾಗಾದ್ರೆ ಮೈದಾನ ಮರೆತುಬಿಡು."

"ಆತು."

ಸುಮತಿ ಅಂಗಿಯನ್ನು ಮಡಚಿ ರೇಖಾಳ ಕೈಗೆ ಕೊಟ್ಟಳು. ತಡೆಯಲು ಶಿಶಿರ ಕೈ ಎತ್ತಿದ, ನರೇಶ ಅವನಿಗೂ ಹುಡುಗಿಗೂ ನಡುವೆ ಬಂದು ನಿಂತ.

"ನೀವು ತಿಳ್ಕೊಂಡ ಹಾಗಲ್ಲ ಮೇಡಂ," ಶಿಶಿರ ಸುಮತಿಗೆ ಹೇಳಿದ. ದನಿ ಒಡೆದಿತ್ತು. "ಹುಡುಗನ ತಾಯಿಗೆ ಬಹಳ ಹುಷಾರಿಲ್ಲ. ಹಾಸಿಗೆ ಹಿಡಿದಿದ್ದಾರೆ. ಅವನು ಭಾನುವಾರದಿಂದ ಹೊನ್ನಾವರದಲ್ಲಿ ತಾಯಿಯ ಪಕ್ಕ ಕೂತಿದ್ದಾನೆ. ಅಂಥ ಹೊತ್ತಲ್ಲಿ ಅವನ ಹೆಸರು ಎಳೆದು ತರಬೇಡಿ."

"ಯಾರಿಗೆ ಹುಷಾರಿಲ್ಲ?"

ಮಾಸ್ತಮ್ಮ ಬಾಗಿಲಲ್ಲಿ ಎದ್ದು ನಿಂತಿದ್ದಳು.

"ಉದಯನ ತಾಯಿಗೆ," ಎಂದ ಶಿಶಿರ, ಅತ್ತ ನೋಡದೆ.

"ಮಹಾಲಕ್ಷ್ಮಿಗಾ?"

ಅವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊಸ್ತಿಲು ದಾಟಿದಳು. ನರೇಶ ತಡೆಯಲಿಲ್ಲ. ಹೊಳೆಯುವ ನೆಲದ ಮೇಲೆ ಅವಳ ಬರಿಗಾಲಿನ ಗುರುತು ಮೇಜಿನವರೆಗೂ ಬಂತು.

"ಬೆಳಿಗ್ಗೆ ಹೊನ್ನಾವರದಲ್ಲಿ ಮೀನು ಕೊಳ್ಳೂಕೆ ನಾ ಹೋದಾಗ ಮಹಾಲಕ್ಷ್ಮಿ ನನ್ನ ಪಕ್ಕದಲ್ಲೇ ನಿಂತು ದರ ಮಾಡ್ತಿತ್ತು. ನನಗಿಂತ ಗಟ್ಟಿ ಅದೆ ಅದು. ಮಗ ಮನೆಗೆ ಬರ್ದೆ ತಿಂಗ್ಳಾತು ಅಂತು. ಕ್ಯಾಂಪಿನಲ್ಲಿ ಫೋನು ತಕ್ಕಂಡು ಇಟ್ಕತ್ರಂತೆ, ಅದಕ್ಕೇ ಹತ್ತೂದಿಲ್ಲ, ನೀ ಮುರ್ಡೇಶ್ವರಕ್ಕೆ ಹೋಗ್ತೆ ಅಲ್ಲನಾ, ಇದೊಂದು ಅವನ ಕೈಗೆ ಮುಟ್ಸು ಅಂತು."

ಬುಟ್ಟಿಯ ತಳದಿಂದ ಅವಳು ಬಟ್ಟೆ ಸುತ್ತಿದ ಒಂದು ಸ್ಟೀಲಿನ ಡಬ್ಬಿ ತೆಗೆದು, ಅಂಗಿ ಮಲಗಿದ್ದ ಜಾಗದಲ್ಲಿ ಇಟ್ಟಳು. ಮುಚ್ಚಳದ ಸಂದಿನಿಂದ ಒಣಸಿಗಡಿ ಚಟ್ನಿಯ ಘಮ ಹಜಾರದ ತುಂಬ ಹರಡಿತು.

ಶಿಶಿರ ಡಬ್ಬಿಯನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಹೋದ.

ಮಾಸ್ತಮ್ಮ ಅವನ ಮುಖ ನೋಡಿದಳು. ಮಂಗಳವಾರದಿಂದ ಅವಳೊಳಗೆ ಇದ್ದ ಸಿಟ್ಟು ಅವಳ ಕಣ್ಣಿನಿಂದ ಮೆಲ್ಲಗೆ ಇಳಿದು, ಅಲ್ಲಿಗೆ ಬೇರೆ ಏನೋ ಬಂತು.

"ಕ್ಯಾಂಪಿನಲ್ಲಿ ಅವ ಇಲ್ಲ ಅಂತ ನೀ ಹೇಳ್ತೆ. ಮನೆಯಲ್ಲಿ ಇಲ್ಲ ಅಂತು ಅವನ ತಾಯಿ," ಎಂದಳು. "ಹಂಗಾರೆ ಇದನ್ನ ನಾ ಯಾರ ಕೈಯಲ್ಲಿ ಕೊಡ್ಲಿ ಒಡ್ಯಾ?"